ಹೊತ್ತು ಮುಳುಗಿದ ಮೇಲಿನ ಗುಳಿಗೆ

ನನ್ನ ಕಾಯಿಲೆಗೆ ಸಿಕ್ಕ ಮೊದಲ ದೊಡ್ಡ ಚಿಕಿತ್ಸೆ ಎಂದರೆ ನನ್ನನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತದ್ದು. ತಮಾಷೆ ಮಾಡುತ್ತಿಲ್ಲ. ಕಾಗವಾಡದ ನಮ್ಮ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಮನೆಯಲ್ಲಿ, ಅರಿಸಿನ, ಮಜ್ಜಿಗೆ, ಎಣ್ಣೆ, ನಿಂಬೆಹುಳಿ ಹಾಕಿ ಹದ ಮಾಡಿದ ಕೆಂಪು ಮಣ್ಣಿನ ಅಖಾಡವಿತ್ತು. ಅದರಲ್ಲಿ ನನ್ನನ್ನು ಉದ್ದಕ್ಕೆ ಮಲಗಿಸಿ, ಮುಖವೊಂದನ್ನು ಬಿಟ್ಟು ಮೈಮೇಲೆಲ್ಲ ಸಲಿಕೆಯಿಂದ ಮಣ್ಣೆಳೆದರು. ಮೈಕೈ ನೋವಿಗೆ ಪೈಲ್ವಾನರು ಮಾಡಿಕೊಳ್ಳುವ ಉಪಚಾರ ಅದು. ಅದನ್ನು ಮನಸ್ಸಿಗೂ ಮಾಡಬಹುದೆಂದು ಕಂಡುಹಿಡಿದವನು ನಮ್ಮ ಗುರು ದತ್ತೂ ವಸ್ತಾದ. ಎದುರಿಗೆ ಅವನಿಗೆ ಬಹುವಚನ ಕೊಡುತ್ತಿದ್ದೆ; ಬರೆಯುವಾಗ ಅಷ್ಟು ಉದಾರಿಯಾಗಬೇಕಿಲ್ಲ.

"ಮಣ್ಣು ಎಲ್ಲಾ ಜಗ್ಗತೈತಿ" ಎಂದ ವಸ್ತಾದ, ಸೊಂಟದ ಮೇಲೆ ಕೈಯಿಟ್ಟು. "ನೋವು ಜಗ್ಗತೈತಿ, ಉಷ್ಣ ಜಗ್ಗತೈತಿ. ಈ ನಿನ್ನ ಬ್ಯಾಸರ ಯಾವ ಗಿಡದ ತಪ್ಪಲಲೇ?"

ಒಂದು ತಾಸು ಹಾಗೇ ಬಿದ್ದುಕೊಂಡಿದ್ದೆ. ಮೂಗಿನ ಮೇಲೆ ನೊಣ ಕೂತಿತು. ಕೈ ಮಣ್ಣೊಳಗಿದ್ದುದರಿಂದ ಓಡಿಸಲಾಗಲಿಲ್ಲ, ಓಡಿಸಬೇಕೆಂದು ಅನ್ನಿಸಲೂ ಇಲ್ಲ. ಆಗ ನನಗೆ ಇಪ್ಪತ್ತೊಂದು ವರ್ಷ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೃಷ್ಣೆಯ ಈಚೆ ದಂಡೆಯ ಊರುಗಳಲ್ಲಿ ಶೀತಲ ಪೈಲ್ವಾನ ಎಂದರೆ ನಾಲ್ಕು ಜನ ತಿರುಗಿ ನೋಡುವ ಕಾಲ. ಆ ಪೈಲ್ವಾನ ಮುಖದ ಮೇಲಿನ ನೊಣವನ್ನು ಲೆಕ್ಕಿಸದೆ ಅಳುತ್ತಿದ್ದ. ಕಣ್ಣೀರು ಕಿವಿಯೊಳಗೆ ಇಳಿಯಿತು. ಅದನ್ನು ಬೆವರೆಂದು ತಿಳಿದು ವಸ್ತಾದ ಹಿಗ್ಗಿದ. "ನೋಡ್ರೆಲೇ, ಹೊರಗ ಬರಾಕತ್ತೇತಿ!"

ಈ ಕಾಯಿಲೆ ಯಾಕೆ ಬಂತೆಂದು ಈಗಲೂ ಕೇಳುವವರಿದ್ದಾರೆ. ಪ್ರೇಮಭಂಗವೇ, ಸೋಲೇ, ಮನೆಯಲ್ಲಿ ಜಗಳವೇ? ಅವರಿಗೊಂದು ಕಾರಣ ಬೇಕು. ಕಾರಣ ಸಿಕ್ಕರೆ ಅದು ತಮ್ಮ ಮನೆಯಲ್ಲಿಲ್ಲ ಎಂದು ನೋಡಿಕೊಂಡು ನೆಮ್ಮದಿಯಾಗಿ ಹೋಗಬಹುದು. ನಿರಾಸೆಯಾಗಲಿ ಅವರಿಗೆ: ನನ್ನ ಕಾಯಿಲೆ ಶುರುವಾದದ್ದು ಗೆದ್ದ ದಿನ. ಅಥಣಿಯ ಮೈದಾನದಲ್ಲಿ ನನಗಿಂತ ದೊಡ್ಡ ಪೈಲ್ವಾನನನ್ನು ಚಿತ್ ಮಾಡಿದ್ದೆ. ಹಲಗಿ ಬಾರಿಸಿದರು, ತಲೆಗೆ ಗುಲಾಲು ಸುರಿದರು, ರುಮಾಲಿನ ಪಟಕಾ ಸುತ್ತಿದರು, ಹೆಗಲ ಮೇಲೆ ಹೊತ್ತು ತಿರುಗಿದರು. ಆ ಎತ್ತರದಲ್ಲಿ ಕೂತು ಕೆಳಗೆ ನೋಡಿದೆ. ಯಾರದೋ ಮದುವೆಯ ಮೆರವಣಿಗೆಯನ್ನು ಮಾಳಿಗೆಯಿಂದ ನೋಡಿದಷ್ಟೇ ಅನ್ನಿಸಿತು. ಮನೆಗೆ ಬಂದು ಪಟಕಾ ಬಿಚ್ಚಿ ಗೂಟಕ್ಕೆ ನೇತುಹಾಕಿ ಮಲಗಿದವನು ಮರುದಿನ ಏಳಲು ಹಲ್ಲು ಕಚ್ಚಬೇಕಾಯಿತು.

ಆಮೇಲೆ ಒಂದೊಂದಾಗಿ ಎಲ್ಲ ಹೋಯಿತು. ಮೊದಲು ನಿದ್ದೆ, ನಂತರ ರುಚಿ. ಅವ್ವ ಮಾಡಿದ ಶೇಂಗಾ ಚಟ್ನಿ ಬಾಯಲ್ಲಿ ಹೊಟ್ಟಿನಂತೆ ಉರುಳುತ್ತಿತ್ತು. ಬೈಠಕ್ ಹೊಡೆಯುವಾಗ ಮಧ್ಯದಲ್ಲೇ ಎದೆ ಡವಡವ ಎಂದು ಕೂತುಬಿಡುತ್ತಿದ್ದೆ. ಅದಕ್ಕೂ ಎರಡು ವರ್ಷದ ಹಿಂದೆ, ಏನೋ ಅಂಜಿಕೆಯಾಗುತ್ತದೆಂದು ತಾಲೀಮು ಬಿಟ್ಟ ಜೊತೆಗಾರನೊಬ್ಬನಿಗೆ ನಾನು ಬಳೆ ತೊಟ್ಟುಕೋ ಎಂದಿದ್ದೆ. ಎಲ್ಲರೂ ನಕ್ಕಿದ್ದರು. ನನ್ನ ಬುದ್ಧಿಯೇನೂ ವಸ್ತಾದನದಕ್ಕಿಂತ ಮೇಲಿನದಾಗಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಸಲಹೆಗಳಿಗೆ ಮಾತ್ರ ಬರವಿರಲಿಲ್ಲ. ಕಾಕಾ ಲಗ್ನ ಮಾಡಿ ಎಂದ. ಅವನ ಪ್ರಕಾರ ಕೆಮ್ಮಿಗೂ ಲಗ್ನವೇ ಮದ್ದು. ಓಣಿಯ ಒಬ್ಬ ಮಹಾಶಯ, ಜೈನರ ಹುಡುಗ ಕಾಯಿಪಲ್ಲೆ ತಿಂದು ಇನ್ನೆಷ್ಟು ದಿನ ಕುಸ್ತಿ ಹಿಡಿದಾನು, ದಿನಕ್ಕೆ ನಾಲ್ಕು ತತ್ತಿ ಕುಡಿಸಿ ಎಂದು ನಮ್ಮ ಕಟ್ಟೆಯ ಮೇಲೆ ಕೂತೇ ಹೇಳಿ, ನಮ್ಮದೇ ಚಹಾ ಕುಡಿದು ಹೋದ. ಲಂಗೋಟ ಸಡಿಲಾಗಿದೆ, ಅಂದರೆ ಬ್ರಹ್ಮಚರ್ಯ ಕೆಟ್ಟಿದೆ ಎಂದು ವಸ್ತಾದನ ಅನುಮಾನ. ದಿನಾ ಮುಂಜಾನೆ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ತಪಾಸು ಮಾಡುತ್ತಿದ್ದ. ಕೊನೆಗೆ ಬೈಠಕ್ ದುಪ್ಪಟ್ಟು ಮಾಡಿದ, ಬಾದಾಮಿ ದುಪ್ಪಟ್ಟು ಮಾಡಿದ, ಅದೂ ನಡೆಯದಿದ್ದಾಗ ಹೂತ.

ಸಲಹೆ ಕೊಡದೆ ಇದ್ದವಳು ಒಬ್ಬಳೇ. ನಮ್ಮ ಆಯಿ, ಅಪ್ಪನ ತಾಯಿ. ಅವಳಿಗೆ ಎಪ್ಪತ್ತು ದಾಟಿತ್ತು. ಬಾಯಿ ಬಹಳ ಕೆಟ್ಟದ್ದು. ಬಸದಿಗೆ ಹೋಗಿ ಬರುವುದು, ಶೇಂಗಾ ಸುಲಿಯುವುದು, ಸೊಸೆಯನ್ನು ಬೈಯುವುದು ಅವಳ ದಿನಚರಿ. ಅಜ್ಜ ತೀರಿಕೊಂಡ ವರ್ಷ ಮುನಿಗಳ ಎದುರಿಗೆ ಅವಳು ಒಂದು ವ್ರತ ತೊಟ್ಟಿದ್ದಳು. ಹೊತ್ತು ಮುಳುಗಿದ ಮೇಲೆ ಉಣ್ಣುವುದು, ಕುಡಿಯುವುದು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಆಯಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ನೀರಿನ ಪಾತ್ರೆಯನ್ನೇ ಮುಟ್ಟುವುದಿಲ್ಲ, ಇನ್ನೊಬ್ಬರಿಗೆ ಕೊಡುವುದೂ ಇಲ್ಲ ಎಂದಿದ್ದಳು. ಸಂಜೆಯಾದ ಮೇಲೆ ನೀರಡಿಸಿ ಬಂದ ಬೀಗರಿಗೂ ಅವಳ ಕೈಯಿಂದ ಒಂದು ಹನಿ ಸಿಕ್ಕಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅಪ್ಪ ನನ್ನನ್ನು ಮಿರಜಿಗೆ ಕರೆದುಕೊಂಡು ಹೋದ. ಯಾವ ಡಾಕ್ಟರು ಎಂದು ಮನೆಯಲ್ಲೂ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಗುರುತಿನವರು ಸಿಕ್ಕರು.

"ಎಲ್ಲಿಗ್ರಿ ಅಪ್ಪಾಸಾಬ, ಪೈಲ್ವಾನನ್ನ ಕರಕೊಂಡು?"

"ಕಿವಿ ತೋರಿಸಾಕ್ರಿ. ಕುಸ್ತ್ಯಾಗ ಕಿವಿ ಮುರದಾವ, ನೋಡ್ರಿ ಬೇಕಾರ" ಎಂದು ಅಪ್ಪ ನನ್ನ ಕಿವಿಯನ್ನು ಹಿಡಿದು ಅವರ ಕಡೆ ತಿರುಗಿಸಿದ. ಪೈಲ್ವಾನರ ಕಿವಿ ತಿಕ್ಕಿ ತಿಕ್ಕಿ ಬಾತು ಗಂಟುಗಟ್ಟಿರುತ್ತದೆ; ನಮ್ಮಲ್ಲಿ ಅದು ಕಾಯಿಲೆಯಲ್ಲ, ಪದಕ. ಆ ಗೃಹಸ್ಥರು ನಂಬಲಿಲ್ಲ. ಅಪ್ಪನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ, ಪಾಪ. ಮಿರಜ ಮುಟ್ಟುವವರೆಗೂ ಕಿಟಕಿಯಾಚೆ ಮುಖ ಹಾಕಿ ಕೂತ.

ದವಾಖಾನೆಯ ಹೊರಕೋಣೆಯಲ್ಲಿ ಎರಡು ಉದ್ದ ಬೆಂಚು. ನಾನು ಒಂದರ ತುದಿಗೆ ಕೂತದ್ದೇ ತಡ, ಇಡೀ ಬೆಂಚು ಇನ್ನೊಂದು ತುದಿಗೆ ಸರಿಯಿತು. ಕಾಯಿಲೆಯವರ ನಡುವೆಯೂ ಜಾತಿ ಇದೆ ಎಂದು ಅಂದು ಗೊತ್ತಾಯಿತು. ಬಡಕಲು ಮೈಯ ರೋಗಿಯನ್ನು ಕಂಡರೆ ಅಯ್ಯೋ ಎನ್ನುತ್ತಾರೆ. ಎತ್ತಿನ ಕುತ್ತಿಗೆಯ, ಮುರಿದ ಕಿವಿಯ ರೋಗಿಯನ್ನು ಕಂಡರೆ ಮಕ್ಕಳನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ನಾನು ಯಾವ ಕ್ಷಣದಲ್ಲಾದರೂ ಬೆಂಚು ಮುರಿದೇನೆಂದು ಕಂಪೌಂಡರ್ ಕೂಡ ಬಾಗಿಲ ಹತ್ತಿರವೇ ನಿಂತಿದ್ದ. ಬೆಂಚು ಮುರಿಯುವುದಿರಲಿ, ಚಪ್ಪಲಿ ಕಳಚಲೂ ನನ್ನಲ್ಲಿ ಶಕ್ತಿಯಿರಲಿಲ್ಲ.

ಎದುರಿನ ಬೆಂಚಿನಲ್ಲಿ ತಾಯಿಯ ಜೊತೆ ಕಾಲೇಜು ಹುಡುಗಿಯೊಬ್ಬಳಿದ್ದಳು. ಬಹಳ ಹೊತ್ತು ನನ್ನನ್ನು ನೋಡಿದಳು. ತಾಯಿ ಚೀಟಿ ಮಾಡಿಸಲು ಎದ್ದಾಗ, ಮರಾಠಿಯಲ್ಲಿ, ಮೆಲ್ಲಗೆ, "ತುಮ್ಹಾಲಾ ಪಣ?" ಎಂದಳು. ನಿಮಗೂನಾ? ನಾನು ತಲೆಯಾಡಿಸಿದೆ. ಅವಳೂ ತಲೆಯಾಡಿಸಿದಳು. ಅಷ್ಟೇ. ಅವಳ ಹೆಸರು ಗೊತ್ತಿಲ್ಲ, ಮತ್ತೆ ಕಾಣಲೂ ಇಲ್ಲ. ಆ ನಾಲ್ಕು ತಿಂಗಳಲ್ಲಿ ನನಗೆ ಯಾರಾದರೂ ಕೇಳಿದ ಬುದ್ಧಿವಂತ ಪ್ರಶ್ನೆ ಅದೊಂದೇ.

ಡಾಕ್ಟರು ಸಣ್ಣ ಮನುಷ್ಯ, ಕನ್ನಡವನ್ನು ಮರಾಠಿಯ ಧಾಟಿಯಲ್ಲಿ ಆಡುತ್ತಿದ್ದರು. ಅಪ್ಪ ಕೇಳಿದ ಮೊದಲ ಮಾತು, "ಶಾಕ್ ಕೊಡತೀರೇನ್ರಿ?"

"ಗುಳಿಗಿ ಕೊಡತೀನಿ" ಎಂದರು ಅವರು. "ಇದು ಕಾಯಿಲೆ. ಹೇಡಿತನ ಅಲ್ಲ, ಹುಚ್ಚೂ ಅಲ್ಲ. ಗುಣ ಕಾಣಾಕ ಮೂರು ವಾರ ಬೇಕು. ಬಾಯಿ ಒಣಗತೈತಿ, ನಿದ್ದಿ ಬರತೈತಿ, ಅಂಜಬ್ಯಾಡ್ರಿ. ರಾತ್ರಿ ಮಲಗೂ ಮುಂದ ಒಂದು."

ರಾತ್ರಿ ಮಲಗುವ ಮುನ್ನ. ಎಷ್ಟು ಸರಳ ಮಾತು! ನಮ್ಮ ಮನೆಗೆ ಬಂದು ಅದು ಏನಾಯಿತು ಕೇಳಿ. ಹೊತ್ತು ಮುಳುಗಿದ ಮೇಲೆ ಗಂಟಲಲ್ಲಿ ಏನೂ ಇಳಿಯಬಾರದು, ಗುಳಿಗೆ ಇಳಿಯಲು ನೀರು ಬೇಕು. ಆದ್ದರಿಂದ ಸಂಜೆ ಆರರ ಒಳಗೆ, ಅರ್ಧ ಭಕ್ರಿ ತಿಂದು ಹಾಲು ಕುಡಿಯುವಾಗಲೇ ನುಂಗುವುದು ಎಂದು ಅಪ್ಪ ಅವ್ವ ಸೇರಿ ನಿರ್ಧರಿಸಿದರು. ಡಾಕ್ಟರ ಮಾತೂ ಉಳಿಯಿತು, ಧರ್ಮವೂ ಉಳಿಯಿತು. ಡಾಕ್ಟರನ್ನು ಒಂದು ಮಾತು ಕೇಳೋಣವೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅದರಲ್ಲಿ ಕೇಳುವಂಥದ್ದೇನಿದೆ ಎಂದೇ ಎಲ್ಲರೂ ತಿಳಿದಿದ್ದೆವು. ಅಂಥ ಜಾಣರ ಮನೆತನ ನಮ್ಮದು.

ತಾಲೀಮಿನ ಸಂಜೆಯ ಜೋಡಿ ಕುಸ್ತಿ ಶುರುವಾಗುತ್ತಿದ್ದದ್ದು ಏಳಕ್ಕೆ, ಹೊಲದ ಕೆಲಸ ಮುಗಿಸಿ ಹುಡುಗರು ಬಂದ ಮೇಲೆ. ಗುಳಿಗೆಯ ಮಂಪರು ಏರುತ್ತಿದ್ದದ್ದೂ ಸರಿಯಾಗಿ ಆಗಲೇ. ಅಖಾಡಕ್ಕಿಳಿದರೆ ಎದುರಾಳಿ ಇಬ್ಬರಾಗಿ ಕಾಣುತ್ತಿದ್ದ. ಹತ್ತನೆಯ ದಿನ ನನಗಿಂತ ಮೂರು ವರ್ಷ ಚಿಕ್ಕವನಾದ ಸಿದ್ರಾಮ ನನ್ನನ್ನು ಹಿಡಿದ ಒಂದೇ ಪಟ್ಟಿಗೆ ಚಿತ್ ಮಾಡಿದ. ಅದಕ್ಕಿಂತ ದೊಡ್ಡ ಅವಮಾನವೆಂದರೆ ಬಿದ್ದಲ್ಲೇ ನನಗೆ ನಿದ್ದೆ ಹತ್ತಿದ್ದು. ಮುಖಕ್ಕೆ ನೀರು ಗೊಜ್ಜಿ ಎಬ್ಬಿಸಿದರು. ಗುಳಿಗೆಯ ಸಂಗತಿ ಹೊರಬಿತ್ತು.

"ಗುಳಿಗಿ ಪೈಲ್ವಾನ!" ಎಂದು ಯಾರೋ ಕೂಗಿದರು. ತಾಲೀಮೇ ನಕ್ಕಿತು.

ವಸ್ತಾದ ನಗಲಿಲ್ಲ. "ನೋಡಪಾ ಶೀತಲ. ಹನುಮಂತನ ಮಣ್ಣಾಗ ಗುಳಿಗಿ ತಿನ್ನಾವ್ರಿಗೆ ಜಾಗಾ ಇಲ್ಲ. ಗುಳಿಗಿ ಬಿಡ್ತೀಯೋ, ತಾಲೀಮು ಬಿಡ್ತೀಯೋ, ನೀನ ಹೇಳು."

ನಾನು ಗುಳಿಗೆ ಬಿಟ್ಟೆ. ಮನೆಗೆ ಬರುವ ದಾರಿಯಲ್ಲಿ, ಕಿಸೆಯಲ್ಲಿದ್ದವನ್ನೆಲ್ಲ ಚೀಟಿಸಮೇತ ಗಟಾರಕ್ಕೆ ಚೆಲ್ಲಿದೆ. ಆ ಹತ್ತು ರಾತ್ರಿ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಂಡು, ಹೊತ್ತು ಹುಟ್ಟುವವರೆಗೆ ನೀರು ಮುಟ್ಟುವಂತಿಲ್ಲದೆ ಹೊರಳಾಡಿದ್ದೆ. ಆ ಶಿಕ್ಷೆಯಾದರೂ ತಪ್ಪಿತು ಅನ್ನಿಸಿತು. ಯಾರು ಹೆಚ್ಚು ದಡ್ಡರು, ಹಾಗೆ ಹೇಳಿದ ವಸ್ತಾದನೋ ಅದನ್ನು ಕೇಳಿದ ನಾನೋ, ಎಂದು ಆಮೇಲೆ ಎಷ್ಟೋ ಸಲ ತೂಗಿ ನೋಡಿದ್ದೇನೆ. ತಕ್ಕಡಿ ನನ್ನ ಕಡೆಗೇ ವಾಲುತ್ತದೆ.

ಒಂದು ಮಾತನ್ನು ಮಾತ್ರ ಆ ಮಣ್ಣಿನ ಪರವಾಗಿ ಹೇಳಬೇಕು. ಆ ದಿನಗಳಲ್ಲಿ ನನ್ನನ್ನು ಇನ್ನೊಬ್ಬ ಮನುಷ್ಯ ಮುಟ್ಟುತ್ತಿದ್ದದ್ದು ಅಲ್ಲಿ ಮಾತ್ರ. ಮನೆಯಲ್ಲಿ ಎಲ್ಲರೂ ದೂರದಿಂದ ನೋಡುತ್ತಿದ್ದರು. ಅಖಾಡದಲ್ಲಿ ಒಬ್ಬನ ಭಾರ ನನ್ನ ಬೆನ್ನಿನ ಮೇಲೆ ಬೀಳುತ್ತಿತ್ತು, ಅವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು, ಅಷ್ಟು ಹೊತ್ತು ನಾನು ಇದ್ದೇನೆ ಎಂದು ಗೊತ್ತಾಗುತ್ತಿತ್ತು. ಅದಕ್ಕಾಗಿಯೇ ತಾಲೀಮು ಬಿಡಲು ಅಂಜಿದ್ದೆ. ಕುಸ್ತಿ ಮನಸ್ಸನ್ನು ಗಟ್ಟಿ ಮಾಡುತ್ತದೆಂದು ಭಾಷಣ ಮಾಡುವವರಿಗೆ ಇಷ್ಟು ಸಣ್ಣ ಸಂಗತಿ ತಿಳಿದಿರುವುದಿಲ್ಲ.

ಗುಳಿಗೆ ಬಿಟ್ಟ ಮೂರನೆಯ ವಾರ ನಾನು ಸಾಯಬೇಕೆಂದು ನಿಶ್ಚಯ ಮಾಡಿದೆ. ಅಳಲಿಲ್ಲ, ಗಾಬರಿಯಾಗಲಿಲ್ಲ. ಒಂದು ಕೆಲಸ ಮುಗಿಸಿಬಿಡುವವನ ಸಮಾಧಾನವಿತ್ತು. ಈಗ ನೆನೆದರೆ ಅದೇ ಹೆದರಿಕೆ ಹುಟ್ಟಿಸುತ್ತದೆ. ಮಧ್ಯಾಹ್ನ. ಪಡಸಾಲೆಯಲ್ಲಿ ಆಯಿ ಒಬ್ಬಳೇ ಶೇಂಗಾ ಸುಲಿಯುತ್ತಿದ್ದಳು. ದಾಟಿ ಹೋಗಬೇಕಿತ್ತು. ಅವಳು ತಲೆಯೆತ್ತದೆ, "ಕುಂದ್ರು, ಒಂದು ಬೊಗಸಿ ಸುಲಿ" ಎಂದಳು. ಕೂತೆ. ನಾಲ್ಕು ಕಾಯಿ ಸುಲಿದೆ. ಬಾಯಿಂದ ತಾನೇ ಬಂತು:

"ಆಯಿ, ನನಗ ಇರಾಕ ಮನಸ್ಸಿಲ್ಲ."

ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು. ಎಲ್ಲರಂತೆ ನಿನಗೇನು ಕಡಿಮೆಯಾಗಿದೆ ಎಂದು ಕೇಳುತ್ತಾಳೆಂದುಕೊಂಡೆ. ಸೆರಗಿನ ಹೊಟ್ಟು ಕೊಡವಿ ಎದ್ದಳು.

"ಆ ಡಾಕ್ಟರನ ಊರಿಗೆ ಬಸ್ಸು ಎಷ್ಟಕ್ಕೈತಿ?"

"ಆಯಿ, ನೀ ಯಾಕ..."

"ಬಸ್ಸು ಎಷ್ಟಕ್ಕೈತಿ ಅಂತ ಕೇಳೀನಿ."

ಸ್ಟ್ಯಾಂಡಿನವರೆಗೂ ನನ್ನ ಮಣಿಕಟ್ಟು ಬಿಡಲಿಲ್ಲ. ನನ್ನ ಭುಜದಷ್ಟೂ ಇಲ್ಲದ ಮುದುಕಿ ಪೈಲ್ವಾನನನ್ನು ಎಳೆದುಕೊಂಡು ಹೋಗುವುದನ್ನು ಊರು ನೋಡಿತು. ಬಸ್ಸಿನಲ್ಲಿ ಅದೇ ಪ್ರಶ್ನೆ ಬಂತು. ಆಯಿ, ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಕೇಳುವ ಹಾಗೆ ಹೇಳಿದಳು:

"ಮೊಮ್ಮಗನ ಮನಸ್ಸಿಗೆ ಆರಾಮಿಲ್ಲ. ಹುಚ್ಚರ ಡಾಕ್ಟರನ ಕಡೆ ಹೊಂಟೇವಿ. ಮತ್ತ ಯಾರಿಗರೆ ಏನರೆ ಕೇಳೂದೈತೇನು?"

ಯಾರಿಗೂ ಇರಲಿಲ್ಲ. ಐದು ತಿಂಗಳು ಗುಸುಗುಸು ಮಾಡಿದ ಜನ ನಿಜವನ್ನು ಎದುರಿಗಿಟ್ಟರೆ ಟಿಕೆಟ್ಟಿನ ಹಿಂಭಾಗ ಓದತೊಡಗುತ್ತಾರೆ.

ಡಾಕ್ಟರು ನನ್ನಿಂದ ಎಲ್ಲ ಕೇಳಿದರು. ಸಾಯುವ ಯೋಚನೆಯನ್ನೂ ಹೇಳಿದೆ. ಬರೆದುಕೊಂಡರು. ಆಮೇಲೆ, "ಗುಳಿಗಿ ಎಷ್ಟು ಗಂಟೇಕ್ಕ ತಗೊಂತಿದ್ರಿ?"

"ಆರಕ್ಕ್ರಿ."

"ಸಂಜೀ ಆರಕ್ಕ? ಯಾಕ?"

"ಹೊತ್ತು ಮುಳಗಿದ ಮ್ಯಾಲೆ ನಮ್ಮಲ್ಲಿ ಏನೂ ಮುಟ್ಟೂದಿಲ್ರಿ. ನೀರೂ."

ಅವರು ಪೆನ್ನು ಕೆಳಗಿಟ್ಟರು. ನಗುತ್ತಾರೋ ಬೈಯುತ್ತಾರೋ ತಿಳಿಯಲಿಲ್ಲ. ಎರಡೂ ಮಾಡಲಿಲ್ಲ. ಆಯಿಯ ಕಡೆ ತಿರುಗಿ, "ಅಜ್ಜಿ, ನಿಮ್ಮ ಧರ್ಮದಾಗ ನಾ ಕೈ ಹಾಕೂದಿಲ್ಲ. ಆದ್ರ ಈ ಗುಳಿಗಿ ರಾತ್ರಿ ಒಂಬತ್ತಕ್ಕ ಹೋಗಬೇಕು. ಬಾಯಿ ಒಣಗಿದಾಗೆಲ್ಲ ನೀರು ಬೇಕು. ಕುಸ್ತಿ ಮುಂಜಾನೆ ಆಡ್ಲಿ, ಬ್ಯಾಡ ಅನ್ನೂದಿಲ್ಲ. ಇಲ್ಲಂದ್ರ ಹುಡುಗ ಉಳಿಯೂದು ಕಠಿಣ ಐತಿ" ಎಂದರು.

 ಬರುವಾಗ ಬಸ್ಸಿನಲ್ಲಿ ಆಯಿ ಇಡೀ ದಾರಿ ಣಮೋಕಾರ ಮಂತ್ರ ಜಪಿಸುತ್ತಿದ್ದಳು.

ಆ ರಾತ್ರಿ ಅಪ್ಪ ದನಿ ತಗ್ಗಿಸಿ, ಸಂಕಟಪಟ್ಟು, ಬಸದಿಯ ಪಂಡಿತರನ್ನು ಒಂದು ಮಾತು ಕೇಳೋಣವೇ ಎಂದ. ಅವ್ವ ಅತ್ತಳು. ನಾನು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದೆ. ಒಂಬತ್ತು ಹೊಡೆಯಿತು. ಮೂಲೆಯಲ್ಲಿ ಕೂತಿದ್ದ ಆಯಿ ಎದ್ದಳು. ಅಡುಗೆಮನೆಗೆ ಹೋದಳು. ಬಟ್ಟೆಯಲ್ಲಿ ಸೋಸಿಟ್ಟ ನೀರಿನ ಕೊಡದ ಮುಚ್ಚಳ ತೆಗೆದ ಸದ್ದು ಕೇಳಿತು. ಅಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಯಿ ಎರಡು ಕೈಯಲ್ಲಿ ತಂಬಿಗೆ ಹಿಡಿದು ಬಂದಳು.  ನೀರು ಸೀರೆಯ ಮೇಲೆ ತುಳುಕಿತ್ತು.

"ಆಯಿ, ನೀ ಮುಟ್ಟಬ್ಯಾಡ, ನಾನ ತಗೊಂತೀನಿ."

"ಬಾಯಿ ತೆರಿ. ಭಾಷಣ ಬ್ಯಾಡ."

ನುಂಗಿದೆ. ಪೂರ್ತಿ ತಂಬಿಗೆ ಕುಡಿಸಿದಳು. ಹಾಸಿಗೆಯ ಪಕ್ಕದಲ್ಲಿ ಇನ್ನೊಂದು ತಂಬಿಗೆ ಇಟ್ಟು, ತನ್ನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಮರುದಿನದಿಂದ ಅವಳ ಊಟದಲ್ಲಿ ಉಪ್ಪಿರಲಿಲ್ಲ. ಪ್ರಾಯಶ್ಚಿತ್ತವೇ ಎಂದು ಕೇಳಿದೆ. "ಅದು ನಂದು. ನಿನಗ ಸಂಬಂಧಿಲ್ಲ" ಎಂದಳು. ಅಲ್ಲಿಂದ ಪ್ರತಿ ರಾತ್ರಿ ಒಂಬತ್ತಕ್ಕೆ ಅವಳೇ ನೀರು ತಂದಳು. ಬಸದಿಯಲ್ಲಿ ಹೆಂಗಸರು ಚುಚ್ಚಿದರೆ, ಅವರವರ ಸೊಸೆಯಂದಿರು ಕತ್ತಲಾದ ಮೇಲೆ ಏನೇನು ತಿನ್ನುತ್ತಾರೆಂದು ಹೆಸರುಹಿಡಿದು ಹೇಳಿ ಬಂದಳು. ಚುಚ್ಚುವುದು ನಿಂತಿತು.

ಗುಣವಾದದ್ದು ಒಂದೇ ದಿನ ಅಲ್ಲ. ನಾಲ್ಕನೆಯ ವಾರ ಒಂದು ಮುಂಜಾನೆ ಶೇಂಗಾ ಚಟ್ನಿ ಖಾರ ಅನ್ನಿಸಿತು. ತಟ್ಟೆಯ ಮುಂದೆಯೇ ಅತ್ತೆ. ಅವ್ವ ಖಾರಕ್ಕೆಂದು ತಿಳಿದು ಬೆಲ್ಲ ತಂದಳು. ಎರಡು ತಿಂಗಳಾದ ಮೇಲೆ ಮುಂಜಾನೆಯ ಹೊತ್ತು ತಾಲೀಮಿಗೆ ಹೋದೆ. ಕೆಂಪು ಮಣ್ಣು ಎತ್ತಿ ಹಣೆಗೆ ಹಚ್ಚಿಕೊಂಡೆ.

"ಬಂದ್ಯಾ ಗುಳಿಗಿ ಪೈಲ್ವಾನ?" ಎಂದ ವಸ್ತಾದ.

"ಹೌದ್ರಿ. ಗುಳಿಗಿ ಬಿಟ್ಟಿಲ್ಲ, ಬಿಡೂದೂ ಇಲ್ಲ. ಜೋಡಿ ಹಚ್ಚತೀರೋ ಇಲ್ಲೋ?"

ಹಚ್ಚಿದ. ಇಲ್ಲಿ ನಾನು ಸಿದ್ರಾಮನನ್ನು ಎತ್ತಿ ಒಗೆದೆ ಎಂದು ನಿರೀಕ್ಷಿಸುವ ಓದುಗರು ದಯಮಾಡಿ ಬೇರೆ ಏನಾದರೂ ಓದಲಿ. ಸಿದ್ರಾಮ ಮತ್ತೆ ನನ್ನನ್ನು ಚಿತ್ ಮಾಡಿದ. ದೊಡ್ಡ ಮೈದಾನದಲ್ಲಿ ನಾನು ಆಮೇಲೆ ಒಂದು ಕುಸ್ತಿಯನ್ನೂ ಗೆಲ್ಲಲಿಲ್ಲ. ಆದರೆ ಆ ಮುಂಜಾನೆ ಬೆನ್ನು ಮಣ್ಣಿಗೆ ಬಡಿದಾಗ ಬಹಳ ನೋವಾಯಿತು. ಬಹಳ ದಿನಕ್ಕೆ ನೋವಾಯಿತಲ್ಲ ಎಂದು ಖುಷಿಯಾಗಿ ಬಿದ್ದಲ್ಲೇ ನಕ್ಕುಬಿಟ್ಟೆ.

ಇಷ್ಟಾದ ಮೇಲೆ ವಸ್ತಾದ ಏನು ಮಾಡಿದ ಗೊತ್ತೇ? "ಶೀತಲನ್ನ ಮಣ್ಣಾಗ ಹುಗದು ಸುದ್ದ ಮಾಡಿದಾಂವ ನಾ" ಎಂದು ರಾಯಬಾಗದಿಂದ ನಿಪ್ಪಾಣಿಯವರೆಗೆ ಹೇಳಿಕೊಂಡು ತಿರುಗಿದ. ನಂಬಿದ ಜನ ಬೇಸರ ಹಿಡಿದ ತಮ್ಮ ಹುಡುಗರನ್ನು ಹೂಳಿಸಲು ಕರೆತರತೊಡಗಿದರು. ಕಾಲೇಜು ಓದಿದ ತಂದೆಗಳೂ ಬಂದರು. ನನ್ನ ಮಾತು ಕೇಳಿ ಮುಖ ಸಿಂಡರಿಸುತ್ತಿದ್ದರು, ಅವರಿಗೆ ಗುಳಿಗೆಗಿಂತ ಮಣ್ಣು ಮರ್ಯಾದೆಯ ವಸ್ತು. ಈಗಲೂ ನಾನು ದಿನಾ ಮುಂಜಾನೆ ಆ ತಾಲೀಮಿಗೆ ಹೋಗುತ್ತೇನೆ. ಬಾಗಿಲಲ್ಲೇ ನಿಂತು ಅಂಥವರಿಗೆ ಹೇಳುತ್ತೇನೆ: ಹುಡುಗ ದಂಡ ಹೊಡೆಯಲಿ, ಕುಸ್ತಿ ಆಡಲಿ, ಮೈಗೆ ಒಳ್ಳೆಯದು, ನಾಲ್ಕು ಜನರ ಜೊತೆಯೂ ಸಿಗುತ್ತದೆ. ಅದಕ್ಕೂ ಮೊದಲು ಮಿರಜಿನ ಬಸ್ಸು ಹತ್ತಿ. ನಾಲ್ವರಲ್ಲಿ ಮೂವರು ಹೆಗಲು ಕುಣಿಸಿ ಒಳಗೆ ಹೋಗುತ್ತಾರೆ. ಆ ನಾಲ್ಕನೆಯವನಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೂರು ವರ್ಷದ ನಂತರ ಮಳೆಗಾಲದಲ್ಲಿ ಆಯಿ ಮಲಗಿದಳು. ಎದೆಯಲ್ಲಿ ಕಫ, ಸುಡುವ ಜ್ವರ. ತನ್ನ ಮಟ್ಟಿಗೆ ವ್ರತ ವ್ರತವೇ. ಹೊತ್ತು ಮುಳುಗಿದ ಮೇಲೆ ಒಂದು ಹನಿ ಕುಡಿಯಲಿಲ್ಲ. ಕೊನೆಯ ದಿನದ ರಾತ್ರಿ ತುಟಿ ಒಡೆದು ರಕ್ತ ಬಂದಿತ್ತು. ಬಾಯಿ ಒಣಗುವುದೆಂದರೇನು ಎಂದು ಆ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಮಚೆಯಲ್ಲಿ ನೀರು ತೆಗೆದುಕೊಂಡು ತುಟಿಯ ಹತ್ತಿರ ಹಿಡಿದೆ. ಬೇಡಿಕೊಂಡೆ. ಮುಖ ತಿರುಗಿಸಿದಳು.

"ಆಯಿ, ನನಗ ಕುಡಿಸ್ತಿದ್ದಿ. ಈಗ ನೀ ಒಂದು ಗುಟುಕು..."

"ನಿನಗ ಬದಕೂದಿತ್ತು" ಎಂದಳು.

ನಾನು ಚಮಚೆ ಹಿಡಿದುಕೊಂಡೇ ಕೂತೆ. ಅವಳು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಮತ್ತೆ ತೆರೆದು, ಗೋಡೆಯ ಗಡಿಯಾರ ಹುಡುಕಿ, ನನ್ನನ್ನು ನೋಡಿದಳು.

"ಒಂಬತ್ತಾತು. ಗುಳಿಗಿ ತಗೊಂಡ್ಯಾ?"

ಇಲ್ಲ ಎಂದೆ. ಕಣ್ಣಿನಲ್ಲೇ ಗದರಿದಳು. ಎದ್ದು ಹೋಗಿ ಗುಳಿಗೆ ತಂದೆ, ಅವಳಿಗಾಗಿ ಇಟ್ಟಿದ್ದ ನೀರನ್ನೇ ಎತ್ತಿಕೊಂಡು ಅವಳೆದುರಿಗೆ ನುಂಗಿದೆ. ಅದು ಗಂಟಲಲ್ಲಿ ಇಳಿಯುವವರೆಗೂ ನೋಡುತ್ತಿದ್ದಳು.